ಮೈಸೂರು ಅರಮನೆಯಲ್ಲಿ ಹೆನ್ರಿ ಇರ್ವಿನ್ ಅವರ ಪಾಲು ಎಷ್ಟು?

ಪ್ರಶ್ನೆ: ಮನೆಯವರೊಡನೆ ಮೈಸೂರು ಅರಮನೆ ನೋಡಲು ಹೋಗಿದ್ದೆ. ಅದರ ನಕ್ಷೆ ಬರೆದವರು ಹೆನ್ರಿ ಇರ್ವಿನ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಎಂದು ಗೈಡ್ ಹೇಳಿದರು. ಅವರು ಯಾರು? ಬೇರೆ ಏನೇನು ಕಟ್ಟಿದ್ದಾರೆ? ಹೊರಗಿನವರೊಬ್ಬರು ಬರೆದ ಕಟ್ಟಡವನ್ನು ನಮ್ಮ ನಾಡಿನ ವಾಸ್ತುಶಿಲ್ಪ ಎಂದು ಹೇಳಿಕೊಳ್ಳುವುದು ಸರಿಯೇ? ವಾಸ್ತುಶಿಲ್ಪ ಓದುತ್ತಿರುವ ನನ್ನ ಮಗಳು ಈ ಕೊನೆಯ ಪ್ರಶ್ನೆಯನ್ನು ಬಿಡದೆ ಕೇಳುತ್ತಿದ್ದಾಳೆ.

ಉತ್ತರ: ನಿಮ್ಮ ಮಗಳ ಪ್ರಶ್ನೆಗೆ ನನ್ನ ಉತ್ತರ ಹೌದು, ಸರಿ. ನಕ್ಷೆ ಬರೆದ ಕೈ ಇರ್ವಿನ್ ಅವರದು, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲಿ ತೊಟ್ಟಿ ಬರಬೇಕು, ಎಲ್ಲಿ ದರ್ಬಾರು ನಡೆಯಬೇಕು, ಮುಂಭಾಗ ಯಾವ ದಿಕ್ಕಿಗೆ ತೆರೆದಿರಬೇಕು ಎಂಬುದನ್ನೆಲ್ಲ ಅವರಿಗಿಂತ ಬಹಳ ಹಿಂದೆಯೇ ಮೈಸೂರು ತೀರ್ಮಾನಿಸಿಯಾಗಿತ್ತು. ಇದನ್ನು ವಿವರಿಸುವ ಮೊದಲು ಇರ್ವಿನ್ ಮೈಸೂರಿಗೆ ಬರುವ ಹೊತ್ತಿಗೆ ಏನೇನು ಕಲಿತಿದ್ದರು ಎಂಬುದನ್ನು ನೋಡಬೇಕು.

ಮೊದಲು ಒಂದು ತಿದ್ದುಪಡಿ. ಇರ್ವಿನ್ ಇಂಗ್ಲಿಷರಲ್ಲ, ಐರ್ಲೆಂಡಿನವರು. ಹುಟ್ಟಿದ್ದು 1841ರಲ್ಲಿ, ತೀರಿಕೊಂಡಿದ್ದು 1922ರಲ್ಲಿ. ಅವರನ್ನು ವೈಸ್‌ರಾಯ್ ಲಾರ್ಡ್ ಇರ್ವಿನ್ ಜೊತೆ ಬೆರೆಸುವವರಿದ್ದಾರೆ. ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಎಂಬ ಹೆಸರಿದ್ದದ್ದು ಆ ವೈಸ್‌ರಾಯ್‌ನಿಂದ. ನಮ್ಮ ವಾಸ್ತುಶಿಲ್ಪಿಗೂ ಅದಕ್ಕೂ ಸಂಬಂಧವಿಲ್ಲ. ಇವರು ಬ್ರಿಟಿಷ್ ಇಂಡಿಯಾದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಎಂಜಿನಿಯರ್. ಆ ಕಾಲದಲ್ಲಿ ಅಂದಾಜುಪಟ್ಟಿ ತಯಾರಿಸುವುದು, ಗುತ್ತಿಗೆದಾರರನ್ನು ಹಿಡಿದು ಕೆಲಸ ತೆಗೆಯುವುದು, ನಕ್ಷೆ ಬರೆಯುವುದು ಎಲ್ಲವೂ ಒಬ್ಬನೇ ಅಧಿಕಾರಿಯ ಮೇಲೆ ಬೀಳುತ್ತಿತ್ತು. ಈ ಹಿನ್ನೆಲೆ ಮುಖ್ಯ. ಇರ್ವಿನ್ ಅವರ ಕಟ್ಟಡಗಳ ಹೊರಗಿನ ಅಲಂಕಾರವನ್ನಷ್ಟೇ ನೋಡಿ ಮೆಚ್ಚುವವರು ಒಳಗಿನ ಎಂಜಿನಿಯರನ್ನು ಗಮನಿಸದೆ ಹೋಗುತ್ತಾರೆ.

ಅವರಿಗೆ ಹೆಸರು ತಂದುಕೊಟ್ಟಿದ್ದು ಶಿಮ್ಲಾ. 1880ರ ದಶಕದಲ್ಲಿ ಅಲ್ಲಿ ರಿಪ್ಪನ್ ಆಸ್ಪತ್ರೆ, ಗೇಯಿಟಿ ರಂಗಮಂದಿರವಿರುವ ಪುರಭವನ, ಕೊನೆಗೆ ವೈಸ್‌ರಾಯ್ ನಿವಾಸ ಅವರ ಉಸ್ತುವಾರಿಯಲ್ಲಿ ಎದ್ದವು. ಎಲ್ಲವೂ ಗೆದ್ದವೆಂದಲ್ಲ. ಪುರಭವನದ ಮೇಲಿನ ಅಂತಸ್ತುಗಳು ಅಪಾಯಕಾರಿ ಎಂದು ಮುಂದೆ ಅವನ್ನು ಇಳಿಸಬೇಕಾಯಿತು. ಕೆಳಗಿನ ರಂಗಮಂದಿರ ಉಳಿದುಕೊಂಡು ಇಂದಿಗೂ ನಾಟಕಗಳನ್ನು ಕಾಣುತ್ತಿದೆ. ವೈಸ್‌ರಾಯ್ ನಿವಾಸದ ಮಾತೇ ಬೇರೆ. ಅಂದಿನ ವೈಸ್‌ರಾಯ್ ಲಾರ್ಡ್ ಡಫರಿನ್ ಆ ಕಟ್ಟಡದ ಮೇಲೆ ಎಷ್ಟು ಆಸೆ ಇಟ್ಟಿದ್ದರೆಂದರೆ ಕೆಲಸ ನಡೆಯುವಾಗ ಮತ್ತೆ ಮತ್ತೆ ಸ್ಥಳಕ್ಕೆ ಬಂದು ನಿಲ್ಲುತ್ತಿದ್ದರು. 1888ರ ಜುಲೈನಲ್ಲಿ ಅವರ ಸಂಸಾರ ಅಲ್ಲಿಗೆ ಬಂತು. ಹೊರಗಿನಿಂದ ಅದು ಬೂದು ಕಲ್ಲಿನ ಬ್ರಿಟಿಷ್ ಬಂಗಲೆ, ನಮ್ಮ ನಾಡಿನ ಒಂದು ಗೆರೆಯೂ ಅದರಲ್ಲಿಲ್ಲ. ಒಳಗೆ ಮಾತ್ರ ಮುಂದಿನ ಶತಮಾನದ ತಯಾರಿಯಿತ್ತು. ವಿದ್ಯುತ್ ದೀಪ ಮೊದಲಿನಿಂದಲೇ ಇತ್ತು. ಬೆಂಕಿ ಬಿದ್ದರೆ ನಂದಿಸಲು ಬಾಯಿಗೆ ಮೇಣ ಮೆತ್ತಿದ ನೀರಿನ ಕೊಳವೆಗಳನ್ನು ಹಾಯಿಸಿದ್ದರು. ಬಿಸಿ ಏರಿದರೆ ಮೇಣ ಕರಗಬೇಕು, ನೀರು ತಾನಾಗಿ ಸುರಿಯಬೇಕು, ಅದು ಲೆಕ್ಕಾಚಾರ. 1965ರಿಂದ ಅಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯಿದೆ. ಬೆಂಕಿ ಮತ್ತು ವಿದ್ಯುತ್, ಈ ಎರಡನ್ನು ನೆನಪಿಡಿ. ಮೈಸೂರಿನಲ್ಲಿ ಇವು ಮತ್ತೆ ಬರುತ್ತವೆ.

ಶಿಮ್ಲಾದ ನಂತರ ಅವರು ಮದರಾಸು ಸರಕಾರದ ಸಲಹಾ ವಾಸ್ತುಶಿಲ್ಪಿಯಾದರು. ಅಲ್ಲಿ ಅವರ ಶೈಲಿಯೇ ಬದಲಾಯಿತು. ರಾಬರ್ಟ್ ಚಿಸೋಮ್ ಎಂಬ ವಾಸ್ತುಶಿಲ್ಪಿ ಆಗಲೇ ಮದರಾಸಿನಲ್ಲಿ ಕಮಾನು, ಗುಮ್ಮಟ, ಮಿನಾರುಗಳನ್ನು ಸರಕಾರಿ ಕಟ್ಟಡಗಳಿಗೆ ತಂದಿದ್ದರು. ಇರ್ವಿನ್ ಆ ದಾರಿ ಹಿಡಿದು ಇನ್ನಷ್ಟು ಮುಂದೆ ಹೋದರು. ಇಂಡೋ ಸಾರಾಸೆನಿಕ್ ಎಂದು ಕರೆಯುವುದು ಇದನ್ನೇ: ಮೊಗಲರ ಗುಮ್ಮಟ, ರಾಜಪೂತರ ಛತ್ರಿ (ಕಂಬಗಳ ಮೇಲೆ ನಿಂತ ಪುಟ್ಟ ಗುಮ್ಮಟದ ಮಂಟಪ), ದಕ್ಷಿಣದ ಕಂಬ, ಯುರೋಪಿನ ಗೋಥಿಕ್ ಕಿಟಕಿ ಒಂದೇ ಕಟ್ಟಡದ ಮೇಲೆ ಸೇರುವುದು. ಇದನ್ನು ಕಲಬೆರಕೆ ಎಂದು ತಳ್ಳಿಹಾಕುವ ವಿದ್ವಾಂಸರಿದ್ದಾರೆ. ಸಾಧಾರಣ ಕೈಗೆ ಸಿಕ್ಕಾಗ ಅದು ಕಲಬೆರಕೆಯೇ ಆಗುತ್ತದೆ, ನಾನೂ ಒಪ್ಪುತ್ತೇನೆ. ಆದರೆ ಮದರಾಸು ಹೈಕೋರ್ಟಿನ ಮುಂದೆ ನಿಂತು ಆ ಮಾತನ್ನು ಹೇಳುವುದು ಕಷ್ಟ.

ಹೈಕೋರ್ಟಿನ ಮೊದಲ ನಕ್ಷೆ ಬ್ರಾಸಿಂಗ್ಟನ್ ಎಂಬುವರದು. ಇರ್ವಿನ್ ಅದನ್ನು ತಿದ್ದಿ ಬೆಳೆಸಿದರು. ಕಟ್ಟಿಸಿದವರು ಗುತ್ತಿಗೆದಾರ ನಂಬೆರುಮಾಳ್ ಚೆಟ್ಟಿ. 1892ರಲ್ಲಿ ಕಟ್ಟಡ ಬಳಕೆಗೆ ಬಂತು. ಕೆಂಪು ಇಟ್ಟಿಗೆ, ಸುಟ್ಟ ಮಣ್ಣಿನ ಕುಸುರಿ ತುಂಡುಗಳು, ಮೇಲೆ ಗುಮ್ಮಟಗಳ ಸಾಲು. 175 ಅಡಿ ಎತ್ತರದ ಗೋಪುರದ ತುದಿಯಲ್ಲಿ ಒಂದು ದೀಪಸ್ತಂಭವನ್ನೂ ಕೂರಿಸಿದ್ದರು. 1894ರಿಂದ ಎಂಟು ದಶಕಗಳಿಗೂ ಹೆಚ್ಚು ಕಾಲ ಹಡಗುಗಳಿಗೆ ಅದು ದಾರಿ ತೋರಿಸಿತು. ಅಲ್ಲಿನ ಇಟ್ಟಿಗೆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಮಾನಿನ ಅಂಚಿನ ಒಂದೊಂದು ತುಂಡನ್ನೂ ಅದರ ಜಾಗಕ್ಕೆ ತಕ್ಕ ಅಚ್ಚಿನಲ್ಲಿ ಒತ್ತಿ ಸುಟ್ಟಿದ್ದಾರೆ. ಗಿಲಾವಿನ ಹಂಗಿಲ್ಲ, ಇಟ್ಟಿಗೆಯೇ ಅಲಂಕಾರ. ಕಡಲ ಗಾಳಿಯ ಉಪ್ಪಿಗೆ ಒಡ್ಡಿಕೊಂಡು ನೂರಮೂವತ್ತು ವರ್ಷ ನಿಂತ ಇಟ್ಟಿಗೆಯದು.

ಇದಾದ ಮೇಲೆ ಕೆಲಸಗಳು ಒಂದರ ಹಿಂದೊಂದು ಬಂದವು: 1896ರಲ್ಲಿ ಕನ್ನೆಮರಾ ಗ್ರಂಥಾಲಯ, ಅದೇ ಕಾಲಕ್ಕೆ ಇಂದು ಸ್ಟೇಟ್ ಬ್ಯಾಂಕ್ ಇರುವ ಬ್ಯಾಂಕ್ ಆಫ್ ಮದ್ರಾಸ್ ಕಟ್ಟಡ, ಹೈಕೋರ್ಟಿನ ಪಕ್ಕದ ಕಾನೂನು ಕಾಲೇಜು. ನಿವೃತ್ತಿಯ ನಂತರವೂ ನಿಲ್ಲಲಿಲ್ಲ. 1909ರಲ್ಲಿ ತೆರೆದ ವಿಕ್ಟೋರಿಯಾ ಸ್ಮಾರಕ ಭವನ, 1908ರಲ್ಲಿ ತೆರೆದ ಎಗ್ಮೋರ್ ರೈಲು ನಿಲ್ದಾಣ ಅವರ ಮುಪ್ಪಿನ ಕೆಲಸಗಳು. ಅಂದರೆ ಮೈಸೂರು ಅರಮನೆ ಏಳುತ್ತಿದ್ದ ವರ್ಷಗಳಲ್ಲೇ ಈ ಎರಡೂ ಎದ್ದವು.

ಇನ್ನು ಮೈಸೂರಿನ ವಿಚಾರ.

1897ರ ಆರಂಭ. ಹತ್ತನೆಯ ಚಾಮರಾಜ ಒಡೆಯರ್ ತೀರಿಕೊಂಡು ಎರಡು ವರ್ಷ ದಾಟಿತ್ತಷ್ಟೆ. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದು ಹೆಸರಾದ ರಾಜಕುಮಾರ ಇನ್ನೂ ಹನ್ನೆರಡರ ಹುಡುಗ. ರಾಜ್ಯದ ಹೊಣೆ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಮೇಲಿತ್ತು. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಅರಮನೆಗೆ ಬೆಂಕಿ ಬಿತ್ತು. ಟಿಪ್ಪುವಿನ ಪತನದ ನಂತರ, 1803ರ ಹೊತ್ತಿಗೆ ಮುಗಿದಿದ್ದ ಆ ಅರಮನೆ ಬಹುಪಾಲು ಮರದ್ದು. ತೊಲೆ, ಜಂತೆ, ಕಂಬ, ಬೋದಿಗೆ ಎಲ್ಲ ಮರವಾದ ಕಟ್ಟಡಕ್ಕೆ ಕಿಡಿ ತಗುಲಿದರೆ ಉಳಿಯುವುದೇನು? ರಾಜಮನೆತನ ಜಗನ್ಮೋಹನ ಅರಮನೆಗೆ ಹೋಯಿತು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿದ ಸಮಾರಂಭ ನಡೆದಿದ್ದೂ ಅಲ್ಲೇ.

ಬೆಂಕಿ ಬಿದ್ದ ವರ್ಷವೇ, ಅಕ್ಟೋಬರ್‌ನಲ್ಲಿ, ಹೊಸ ಅರಮನೆಯ ಕೆಲಸ ಆರಂಭವಾಯಿತು. ಅಷ್ಟು ಬೇಗ! ಶೋಕದ ಮನೆಯಲ್ಲಿ, ಬಾಲಕ ದೊರೆಯ ಪರವಾಗಿ ಅಂಥದೊಂದು ಕೆಲಸಕ್ಕೆ ಕೈಹಾಕಿದ ಮಹಾರಾಣಿಯವರ ಹೆಸರು ಅರಮನೆಯ ಕಥೆಯಲ್ಲಿ ಇರ್ವಿನ್ ಹೆಸರಿಗಿಂತ ಮೊದಲು ಬರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಕ್ಷೆಗೆ ಅವರು ಕರೆದದ್ದು ಆಗತಾನೇ ಸರಕಾರಿ ಸೇವೆ ಮುಗಿಸಿದ್ದ ಇರ್ವಿನ್ ಅವರನ್ನು. ಸ್ಥಳದಲ್ಲಿ ನಿಂತು ಕಟ್ಟಿಸಿದ ಕಾರ್ಯನಿರ್ವಾಹಕ ಎಂಜಿನಿಯರ್ ಬಿ. ಪಿ. ರಾಘವುಲು ನಾಯ್ಡು. ನಾಯ್ಡು ಅವರು ದೆಹಲಿ, ಮದರಾಸು, ಕಲ್ಕತ್ತಾಗಳ ದೊಡ್ಡ ಕಟ್ಟಡಗಳನ್ನು ಅಭ್ಯಾಸ ಮಾಡಿ ಬಂದವರು. ಆ ಓದು ಇಲ್ಲಿ ಕೆಲಸಕ್ಕೆ ಬಂತು. ಹದಿನೈದು ವರ್ಷ ಕಲ್ಲು, ಗಾರೆ, ಕಬ್ಬಿಣ, ಕೂಲಿ, ಲೆಕ್ಕಗಳ ನಡುವೆ ಬದುಕಿದ ಎಂಜಿನಿಯರನ್ನು ಗೈಡುಗಳು ಮರೆಯುವುದು ನನಗೆ ಬೇಸರದ ಸಂಗತಿ. 1912ರಲ್ಲಿ ಕೆಲಸ ಮುಗಿದಾಗ ಖರ್ಚು 41,47,913 ರೂಪಾಯಿ ಆಗಿತ್ತು.

ನಿಮ್ಮ ಮಗಳಿಗೆ ತೋರಿಸಬೇಕಾದ ಸಾಕ್ಷ್ಯ ಇರುವುದು ಸುಟ್ಟುಹೋದ ಹಳೆಯ ಅರಮನೆಯಲ್ಲಿ. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್‌ನಲ್ಲಿ ಅದರ ವರ್ಣನೆಯಿದೆ. ಮುಂಭಾಗಕ್ಕೆ ಗಾಢ ಬಣ್ಣ, ಅದನ್ನು ಹೊತ್ತ ನಾಲ್ಕು ಕೆತ್ತನೆಯ ಮರದ ಕಂಬ. ದಸರೆಯಲ್ಲಿ ದೊರೆ ಸಿಂಹಾಸನದ ಮೇಲೆ ಕುಳಿತು ಜನರಿಗೆ ಕಾಣಿಸಿಕೊಳ್ಳುತ್ತಿದ್ದ ತೆರೆದ ಪಡಸಾಲೆ. ಅದರ ಹೆಸರು ಸೆಜ್ಜೆ. ಮಹಡಿಯ ಮೇಲೆ ಅತಿಥಿಗಳನ್ನು ಬರಮಾಡಿಕೊಳ್ಳುವ, ದಿನದ ರಾಜಕಾರ್ಯ ನಡೆಸುವ ಅಂಬಾವಿಲಾಸ: 65 ಅಡಿ ಚೌಕದ ಕೋಣೆ, ಎತ್ತರ ಬರೀ 10 ಅಡಿ, ನಡುವೆ ಮಾತ್ರ ಚಾವಣಿ ತುಸು ಮೇಲೆದ್ದಿತ್ತು. ನೆಲ ಸುಣ್ಣದ ಗಾರೆಯದು. ಅಲಂಕಾರ ಕಡಿಮೆ, ಬಾಗಿಲುಗಳನ್ನು ಬಿಟ್ಟು. ಬಾಗಿಲುಗಳಿಗೆ ಮಾತ್ರ ಕೆತ್ತಿದ ದಂತ ಮತ್ತು ಬೆಳ್ಳಿಯ ಹೊದಿಕೆ.

ಈಗ ಹೊಸ ಅರಮನೆಯೊಳಗೆ ನೀವು ನಡೆದ ದಾರಿಯನ್ನು ನೆನಪಿಸಿಕೊಳ್ಳಿ. ಜನರತ್ತ ತೆರೆದ ದೊಡ್ಡ ದರ್ಬಾರ್ ಹಾಲು ಇದೆ: ಅದು ಸೆಜ್ಜೆ, ಕಲ್ಲಿನಲ್ಲಿ ದೊಡ್ಡದಾಗಿ ಮರುಹುಟ್ಟು ಪಡೆದದ್ದು. ಖಾಸಗಿ ದರ್ಬಾರಿನ ಕೋಣೆಯ ಹೆಸರು ಅಂಬಾವಿಲಾಸ. ಅದರ ಚಾವಣಿಯ ನಡುಭಾಗ ಇಂದಿಗೂ ಅಕ್ಕಪಕ್ಕಕ್ಕಿಂತ ಎತ್ತರ, ಅಲ್ಲಿ ಬಣ್ಣದ ಗಾಜು. ಅಲ್ಲಿಯೇ ಬೀಟೆ ಮರಕ್ಕೆ ದಂತ ಕೂರಿಸಿದ ಬಾಗಿಲು, ಬೆಳ್ಳಿಯ ಬಾಗಿಲು. ದಸರೆಯ ಗೊಂಬೆ ಜೋಡಿಸುತ್ತಿದ್ದ ಗೊಂಬೆ ತೊಟ್ಟಿ. ಒಳಗೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಕೋಣೆಗಳು. ಹಳೆ ಮೈಸೂರಿನ ಯಾವ ಹಳ್ಳಿಗೆ ಹೋದರೂ ಒಂದೆರಡು ತೊಟ್ಟಿಮನೆ ಕಾಣುತ್ತವಲ್ಲ, ಅದೇ ಕ್ರಮ. ಕೋಟೆಯ ಒಳಗಿನ ದೇವಸ್ಥಾನಗಳನ್ನೂ ಇದ್ದಲ್ಲಿಯೇ ಉಳಿಸಿಕೊಂಡು ಅರಮನೆ ಎದ್ದಿತು. ಇಂಥ ಯೋಜನೆ ಡಬ್ಲಿನ್‌ನಿಂದಲೋ ಲಂಡನ್‌ನಿಂದಲೋ ಬರಲು ಸಾಧ್ಯವಿಲ್ಲ. ದಸರೆ ಹೇಗೆ ನಡೆಯಬೇಕು, ದೊರೆ ಎಲ್ಲಿ ಕೂರಬೇಕು, ಜನ ಎಲ್ಲಿ ನಿಲ್ಲಬೇಕು ಎಂಬ ಸಂಪ್ರದಾಯವೇ ನಕ್ಷೆಯ ಒಳಗೆರೆಗಳನ್ನು ಎಳೆದಿತ್ತು.

ಹಾಗಾದರೆ ಇರ್ವಿನ್ ಕೊಟ್ಟಿದ್ದೇನು? ಬಹಳ ಕೊಟ್ಟರು. ಬೆಂಕಿಯಲ್ಲಿ ಮನೆ ಕಳೆದುಕೊಂಡವರಿಗೆ ಬೆಂಕಿಗೆ ಸುಲಭವಾಗಿ ಬಲಿಯಾಗದ ಮನೆ ಬೇಕಿತ್ತು. ಮರದ ಕಂಬದ ಜಾಗಕ್ಕೆ ಕಣಶಿಲೆ (ಗ್ರಾನೈಟ್), ಇಟ್ಟಿಗೆ ಮತ್ತು ಎರಕದ ಕಬ್ಬಿಣ ಬಂದವು. ಮರ ಉಳಿದದ್ದು ಬಾಗಿಲು, ಚಾವಣಿಯ ಕೆತ್ತನೆಗಳಂಥ ಕಡೆ, ಕಟ್ಟಡದ ಭಾರ ಹೊರದ ಜಾಗಗಳಲ್ಲಿ. ಶಿಮ್ಲಾದಲ್ಲಿ ಬೆಂಕಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಎಂಜಿನಿಯರ್‌ಗಿಂತ ತಕ್ಕವರು ಈ ಕೆಲಸಕ್ಕೆ ಯಾರು ಸಿಗುತ್ತಿದ್ದರು? ವಿದ್ಯುತ್ತಿನ ವಿಚಾರದಲ್ಲೂ ಕಾಲ ಕೂಡಿ ಬಂತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹರಿಯಿತು, ಅದೇ ದಶಕದಲ್ಲಿ ಮೈಸೂರಿಗೂ ಬಂತು. ಅರಮನೆಯ ಗೋಡೆ ಏಳುತ್ತಿದ್ದಂತೆ ನಾಡಿನಲ್ಲಿ ದೀಪವೂ ಹೊತ್ತುತ್ತಿತ್ತು.

ಕಲ್ಯಾಣ ಮಂಟಪದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಎಲ್ಲ ಕೈಗಳೂ ಒಟ್ಟಿಗೆ ಕಾಣುವುದು ಅಲ್ಲಿ. ಎಂಟು ಮೂಲೆಯ ಕೋಣೆ. ಮೂರು ಮೂರರ ಗುಂಪಾಗಿ ನಿಂತ ತೆಳ್ಳನೆಯ ಕಂಬಗಳು ಮೇಲಿನ ಗಾಜಿನ ಗುಮ್ಮಟವನ್ನು ಹೊತ್ತಿವೆ. ಅಷ್ಟು ಸಣ್ಣ ಕಂಬ ಅಷ್ಟು ಎತ್ತರಕ್ಕೆ ನಿಲ್ಲುವುದು ಕಲ್ಲಿನಲ್ಲಿ ಆಗುವ ಮಾತಲ್ಲ, ಅದು ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಕಾರ್ಖಾನೆಯಲ್ಲಿ ಎರಕ ಹೊಯ್ದು, ತುಂಡು ತುಂಡಾಗಿ ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು. ತಲೆಯೆತ್ತಿದರೆ ಬಣ್ಣದ ಗಾಜಿನಲ್ಲಿ ನವಿಲುಗಳು. ಗಾಜು ಮಾಡಿದ್ದು ಗ್ಲಾಸ್ಗೋದಲ್ಲಿ, ನವಿಲಿನ ಚಿತ್ರ ಬರೆದದ್ದು ಮೈಸೂರಿನ ಕಲಾವಿದರು. ಅಲ್ಲಿನ ಕುಶಲಕರ್ಮಿಗಳು ನವಿಲನ್ನು ಕಂಡೇ ಇರಲಿಕ್ಕಿಲ್ಲ. ಕಂಡ ಕೈ ಇಲ್ಲಿಂದ ಹಾಳೆಯ ಮೇಲೆ ಬರೆದು ಕಳಿಸಿತು. ಗರಿ ಬಿಚ್ಚಿದ ನವಿಲಿನ ಕತ್ತಿನ ನೀಲಿ, ಅದರ ಸುತ್ತಲ ಬಳ್ಳಿಯ ಹಸಿರು, ಹಗಲು ಏರಿದಂತೆ ಬಣ್ಣದ ಟೈಲ್ಸ್ ನೆಲದ ಕಡೆಗೆ ಇಳಿಯುವ ಬೆಳಕು. ಗೋಡೆಗಳ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳು ಇರ್ವಿನ್ ಕಾಲದವಲ್ಲ, 1930, 40ರ ದಶಕಗಳಲ್ಲಿ ಬರೆದವು. ಆ ಚಿತ್ರಗಳಲ್ಲಿ ಆನೆಯ ಹಿಂದೆ ನಡೆಯುವ ಒಬ್ಬೊಬ್ಬರ ಮುಖವೂ ಬೇರೆ ಬೇರೆ. ಮೂಲ ನಕ್ಷೆಯಲ್ಲಿ ಇಲ್ಲದ ಈ ಚಿತ್ರಗಳನ್ನು ತೆಗೆದುಬಿಟ್ಟರೆ ಕೋಣೆ ಅರ್ಧಕ್ಕರ್ಧ ಬಡವಾಗುತ್ತದೆ.

ಹೊರಮೈ ಇರ್ವಿನ್ ಅವರ ಮದರಾಸು ಪಾಠದ ಫಲ. ಬೂದು ಕಣಶಿಲೆಯ ಮೂರು ಅಂತಸ್ತು, ಮೂಲೆಗಳ ಗೋಪುರಗಳ ಮೇಲೆ ಗುಲಾಬಿ ಛಾಯೆಯ ಗುಮ್ಮಟಗಳು, ನಡುವೆ ಚಿನ್ನದ ಲೇಪದ ಗುಮ್ಮಟ ಹೊತ್ತ ಐದಂತಸ್ತಿನ ಗೋಪುರ. ನೆಲದಿಂದ ತುದಿಗೆ 145 ಅಡಿ. ಮುಂಭಾಗದ ನಡುಗಮಾನಿನ ಮೇಲೆ ಆನೆಗಳ ನಡುವೆ ಗಜಲಕ್ಷ್ಮಿ. ಮೈಸೂರಿಗೆ ಮೊಗಲರ ಗುಮ್ಮಟ ಏಕೆ ಬೇಕಿತ್ತು ಎಂದು ನಿಮ್ಮ ಮಗಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಹದಿನಾರು ಕಿಲೋಮೀಟರ್ ಆಚೆಯ ಶ್ರೀರಂಗಪಟ್ಟಣಕ್ಕೆ ಹೋಗಿ 1784ರ ದರಿಯಾ ದೌಲತ್ ನೋಡಲಿ. ಅಲ್ಲಿನ ಮರದ ಕಂಬಗಳ ನಡುವೆ ಅಂಚು ಹೂದಳದಂತೆ ಬಾಗಿದ ಕಮಾನು, ಹತ್ತಿರದ ಗುಂಬಜ್‌ನ ಗುಮ್ಮಟ, ಬೆಂಗಳೂರಿನ ಟಿಪ್ಪು ಅರಮನೆಯ ಕಮಾನಿನ ಸಾಲು, ಇವೆಲ್ಲ ಇರ್ವಿನ್ ಬರುವ ನೂರು ವರ್ಷ ಮೊದಲೇ ಈ ಸೀಮೆಯ ಬಡಗಿಗಳ ಕೈಗೆ ಹತ್ತಿದ್ದವು. ದಳದ ಕಮಾನು ಮೈಸೂರಿಗೆ ಹೊಸದಾಗಿ ಬಂದ ಅತಿಥಿಯಲ್ಲ. ಹೊಸದಾಗಿದ್ದದ್ದು ಅದರ ಅಳತೆ ಮತ್ತು ಅದನ್ನು ಕಲ್ಲಿನಲ್ಲಿ ಕಟ್ಟುವ ಧೈರ್ಯ.

ಟೀಕೆಯೂ ನನಗಿದೆ. ದರ್ಬಾರ್ ಹಾಲಿನ ಕಂಬ, ಚಾವಣಿಗಳಲ್ಲಿ ಬಣ್ಣ ಮತ್ತು ಚಿನ್ನ ಎಷ್ಟು ತುಂಬಿದೆಯೆಂದರೆ ಕಣ್ಣಿಗೆ ವಿಶ್ರಾಂತಿಯೇ ಇಲ್ಲ. ಹೈಕೋರ್ಟಿನ ಇಟ್ಟಿಗೆಯಲ್ಲಿ ಕಾಣುವ ಸಂಯಮ ಇಲ್ಲಿ ಸಡಿಲಗೊಂಡಿದೆ. ಇದು ವಾಸ್ತುಶಿಲ್ಪಿಯ ತಪ್ಪಲ್ಲ ಎಂದು ಕೆಲವರು ವಾದಿಸುತ್ತಾರೆ, ಅರಮನೆಗೆ ವೈಭವ ಬೇಕಲ್ಲವೇ ಎನ್ನುತ್ತಾರೆ. ಅದೇ ಅರಮನೆಯ ಅಂಬಾವಿಲಾಸ ವೈಭವದ ಜೊತೆಗೆ ಹದವನ್ನೂ ಕಾಯ್ದುಕೊಂಡಿದೆಯಲ್ಲ, ಅದು ನನ್ನ ಉತ್ತರ. ಇನ್ನೊಂದು ಮಾತು: ಅರಮನೆಯ ದರ್ಬಾರ್ ಭಾಗವನ್ನು 1940ರ ವೇಳೆಗೆ ಹಿಗ್ಗಿಸಲಾಯಿತು. ಹಾಗಾಗಿ ಇಂದು ಕಾಣುವ ಮುಂಭಾಗದ ಪ್ರತಿ ಕಲ್ಲಿಗೂ ಇರ್ವಿನ್ ಅವರನ್ನು ಹೊಗಳುವುದೂ ಬೈಯುವುದೂ ಸರಿಯಲ್ಲ.

ಅವರದಲ್ಲದ್ದನ್ನು ಅವರ ತಲೆಗೆ ಕಟ್ಟುವ ವಾಡಿಕೆಯೂ ಇದೆ. ಚಾಮುಂಡಿ ಬೆಟ್ಟದ ಬುಡದ ಲಲಿತ ಮಹಲ್ ಇರ್ವಿನ್ ಅವರದಲ್ಲ. 1921ರಲ್ಲಿ ಅಡಿಗಲ್ಲು ಬಿದ್ದ ಆ ಬಿಳಿ ಅರಮನೆಯ ನಕ್ಷೆ ಇ. ಡಬ್ಲ್ಯೂ. ಫ್ರಿಚ್ಲಿ ಅವರದು; ಅದರ ಗುಮ್ಮಟದ ಮಾದರಿ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್. ಬೆಂಗಳೂರಿನ ಕೆಂಪು ಅಠಾರಾ ಕಚೇರಿ 1868ರಷ್ಟು ಹಳೆಯದು, ಅದಕ್ಕೂ ಇವರಿಗೂ ನಂಟಿಲ್ಲ.

ಮಗಳಿಗೆ ರಜೆ ಸಿಕ್ಕಾಗ ಚೆನ್ನೈಗೆ ಕರೆದುಕೊಂಡು ಹೋಗಿ. ಅರ್ಧ ದಿನದಲ್ಲಿ ಇರ್ವಿನ್ ಅವರ ಮೂರು ಕೆಲಸಗಳನ್ನು ನಡೆದೇ ನೋಡಬಹುದು. ಎಗ್ಮೋರ್‌ನ ಸರಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿ ಕನ್ನೆಮರಾ ಗ್ರಂಥಾಲಯದ ಹಳೆಯ ಓದುಕೋಣೆಯಿದೆ. ಅದರ ತೇಗದ ಕೆಲಸ, ಬಣ್ಣದ ಗಾಜಿನ ಬೆಳಕನ್ನು ನೋಡಿದರೆ ಅಂಬಾವಿಲಾಸದ ಚಾವಣಿಯ ಬಣ್ಣದ ಗಾಜು ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ. ಆದರೆ ಒಳಗೆ ಹೋಗಲು ಮೊದಲೇ ವಿಚಾರಿಸಿಕೊಳ್ಳಿ, ಹಳೆಯ ಭಾಗ ಎಲ್ಲ ದಿನವೂ ತೆರೆದಿರುವುದಿಲ್ಲ. ಅದೇ ಆವರಣದಲ್ಲಿ ವಿಕ್ಟೋರಿಯಾ ಸ್ಮಾರಕ ಭವನ, ಫತೇಪುರ್ ಸಿಕ್ರಿಯ ಎತ್ತರದ ಬಾಗಿಲನ್ನು ನೆನಪಿಗೆ ತರುವ ಕೆಂಪು ಮರಳುಗಲ್ಲಿನ ಮುಖ. ಅಲ್ಲಿಂದ ಸ್ವಲ್ಪ ದೂರಕ್ಕೆ ಎಗ್ಮೋರ್ ನಿಲ್ದಾಣ. ಹದಿನೇಳು ಲಕ್ಷ ರೂಪಾಯಿಯಲ್ಲಿ ಅದನ್ನು ಕಟ್ಟಿದ ಗುತ್ತಿಗೆದಾರ ಸಾಮಿನಾಥ ಪಿಳ್ಳೆ ನಮ್ಮ ಬೆಂಗಳೂರಿನವರು. ಸಮಯ ಉಳಿದರೆ ಹೈಕೋರ್ಟು. ಅದನ್ನು ಮಾತ್ರ ಇಳಿಬಿಸಿಲಿನಲ್ಲಿ ನೋಡಿ. ಇಟ್ಟಿಗೆಯ ಅಚ್ಚಿನ ಕೆಲಸ ನೆರಳು ಉದ್ದವಾದಾಗಲೇ ಸ್ಪಷ್ಟವಾಗಿ ಕಾಣುತ್ತದೆ.